ಎರಡನೇ ಸಾಲಿನ ಮೇಣದಬತ್ತಿಗಳು

ಕಾನ್ವೆಂಟಿನ ಸಿಸ್ಟರ್ ಅವರ ಬಲಗಾಲಿನ ಬಿಳಿ ಬೂಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ, ಕೋಟಿನ ಗುಂಡಿಯಷ್ಟು ಅಗಲದ ತೂತು ಇತ್ತು. ಹರಿದು ಆದದ್ದಲ್ಲ. ಅಲ್ಲಿ ಮೂಳೆ ಉಬ್ಬಿ ನೋಯುತ್ತದೆಂದು ಅವರೇ ಬ್ಲೇಡಿನಿಂದ ಕತ್ತರಿಸಿಕೊಂಡದ್ದು. ಯಾರಾದರೂ ಹೊಸ ಬೂಟು ತಂದುಕೊಟ್ಟರೆ ಹಾಕಿಕೊಂಡ ದಿನವೇ ಅದಕ್ಕೂ ತೂತು ಬೀಳುತ್ತಿತ್ತು. ಆ ಶುಕ್ರವಾರ ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಾಗ ತೂತಿನೊಳಗಿಂದ ನೀಲಿ ಕಾಲುಚೀಲ ಇಣುಕುತ್ತಿತ್ತು.

ನನ್ನದು ಸಿದ್ದಾಪುರದ ಗಲ್ಲಿಯೊಂದರಲ್ಲಿ ಮೆಟ್ಟಿಲಿನ ಕೆಳಗಿನ ಜಾಗದ ಹೊಲಿಗೆ ಅಂಗಡಿ. ಸೀರೆಗೆ ಫಾಲ್ ಹಾಕುವುದು, ಜಿಗ್‌ಜಾಗ್, ರವಿಕೆ, ಶಾಲೆಯ ಯೂನಿಫಾರ್ಮು. ಸಿಸ್ಟರ್ ತಮ್ಮ ಕೈಚೀಲ ಹಿಡಿದುಕೊಂಡು ಬಂದಿದ್ದರು.

"ಈ ಜಿಪ್ಪಿಗೆ ಜೀವ ಉಂಟಾ ನೋಡು ಮಾರಾಯ್ತಿ."

"ಇಲ್ಲ ಸಿಸ್ಟರ್. ಹಲ್ಲೆಲ್ಲ ಉದುರೋಗಿದೆ. ಹೊಸ ಬ್ಯಾಗ್ ತಗೊಳ್ಳಿ."

"ಹಲ್ಲು ನನ್ನದೂ ಉದುರಿದೆ. ನನ್ನನ್ನೂ ಬಿಸಾಡ್ತಾರಾ? ಸರಿ, ಈಗ ಎಂತ ಮಾಡುವ?"

"ಈಗ ಎಂತ ಮಾಡುವ" ಎನ್ನುವುದು ಅವರ ಮಾತು. ಮಂಗಳೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ಅರ್ಧ ಆಯಸ್ಸು ಕಳೆದಿದ್ದರೂ ಆ ಮಾತು ಮಾತ್ರ ಅಲ್ಲಿಯದೇ ಆಗಿ ಉಳಿದಿತ್ತು. ಶಾಲೆಯ ಮಕ್ಕಳು ಅವರ ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಿದ್ದರು. ಗೊತ್ತಿದ್ದೂ ಅವರು ಬಿಟ್ಟಿರಲಿಲ್ಲ.

ಜಿಪ್ಪಿನ ಬದಲು ಎರಡು ಪ್ರೆಸ್ ಬಟನ್ ಹಾಕಿಕೊಡುತ್ತೇನೆ ಎಂದೆ. ಒಪ್ಪಿದರು. ಡಬ್ಬಿಯಲ್ಲಿದ್ದ ಚಕ್ಕುಲಿ ಕೊಟ್ಟೆ, ಸದ್ದು ಮಾಡಿಕೊಂಡು ತಿಂದರು. ಎದುರು ಮನೆಯ ಅಜ್ಜಿಯ ಜೊತೆ ಮೆಣಸಿನಕಾಯಿಯ ಬೆಲೆ ಮಾತನಾಡಿದರು. ಚೀಲದೊಳಗಿನ ಸಾಮಾನನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡು, "ಸೋಮವಾರ ಬರ್ತೇನೆ, ರೆಡಿ ಇಡು" ಎಂದು ಹೊರಟರು. ತುಂಬಾ ಸಾಮಾನ್ಯವಾದ ದಿನ. ನೆನಪಿಟ್ಟುಕೊಳ್ಳಬೇಕೆಂದು ಆಗ ನನಗೆ ಅನ್ನಿಸಲಿಲ್ಲ.

ಶನಿವಾರ ಬೆಳಿಗ್ಗೆ ಅವರು ಚಾಪೆಲ್ಲಿಗೆ, ಎಂದರೆ ಕಾನ್ವೆಂಟಿನ ಪ್ರಾರ್ಥನಾ ಮಂದಿರಕ್ಕೆ, ಬರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಕಿಟಕಿ ತೆರೆಯುವವರು ಅವರೇ ಆಗಿದ್ದರಿಂದ ಇನ್ನೊಬ್ಬ ಸಿಸ್ಟರ್ ಹೋಗಿ ಕೋಣೆಯ ಬಾಗಿಲು ತಟ್ಟಿದರಂತೆ. ನಿದ್ದೆಯಲ್ಲಿಯೇ ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು.

ಅವರು ನನಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ನನ್ನ ಮಗಳ ಶಾಲೆಯ ಸಿಸ್ಟರ್ ಎಂದಷ್ಟೇ ಹೇಳಬಹುದು. ಜಯನಗರದ ಅಂಚಿನಲ್ಲಿ, ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಹೈಸ್ಕೂಲು ಇದೆ. ಅಲ್ಲಿ ಈ ಸಿಸ್ಟರ್ ಪಾಠಕ್ಕಿಂತ ಹೆಚ್ಚಾಗಿ ಮಕ್ಕಳ ಕಷ್ಟಸುಖ ನೋಡುತ್ತಿದ್ದರು. ಬೆಳಗಿನ ಪ್ರಾರ್ಥನೆ ನಡೆಸುವವರೂ ಅವರೇ. ಪ್ರಾರ್ಥನೆಯ ಕೊನೆಗೆ ಸ್ವಲ್ಪ ಹೊತ್ತು ಮೌನ ಇರುತ್ತಿತ್ತು. "ನಿಮ್ಮ ನಿಮ್ಮ ದೇವರ ಹತ್ತಿರ ಹೇಳಿಕೊಳ್ಳಿ. ನಾನು ಕದ್ದು ಕೇಳುವುದಿಲ್ಲ" ಎಂದು ಮೈಕಿನಲ್ಲಿ ಹೇಳಿ ಅವರು ಕಣ್ಣು ಮುಚ್ಚುತ್ತಿದ್ದರಂತೆ. ಹಾಡಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಹಾಡಿನ ಹೊತ್ತಿಗೆ ಸಂಗೀತದ ಮಿಸ್ ಬಂದು ಮೈಕನ್ನು ಅವರಿಂದ ಮೆಲ್ಲಗೆ ದೂರ ಸರಿಸುತ್ತಿದ್ದರು.

ನಮ್ಮದು ಲಿಂಗಾಯತರ ಮನೆ. ಚಿತ್ರದುರ್ಗದ ಕಡೆಯವರು. ಮಗಳಿಗೆ ದೀಕ್ಷೆಯಾಗಿತ್ತು, ಕೊರಳಲ್ಲಿ ಲಿಂಗ ಇತ್ತು. ಶಾಲೆಗೆ ಸೇರಿದ ಹೊಸದರಲ್ಲಿ ಆಟದ ಮೇಷ್ಟ್ರು, "ಏನಮ್ಮಾ ಇದು, ಒಡವೆ ಹಾಕ್ಕೊಂಡು ಬರಬಾರದು ಅಂತ ಗೊತ್ತಿಲ್ವಾ" ಎಂದು ಗದರಿದ್ದರು. ಪಕ್ಕದಲ್ಲಿ ಹೋಗುತ್ತಿದ್ದ ಸಿಸ್ಟರ್ ನಿಂತು ತಮ್ಮ ಕೊರಳಿನ ಶಿಲುಬೆಯನ್ನು ಎತ್ತಿ ತೋರಿಸಿ, "ಹಾಗಾದರೆ ಇದನ್ನು ಎಲ್ಲಿ ಬಿಚ್ಚಿಡಲಿ ಸಾರ್?" ಎಂದರಂತೆ. ಮಗಳು ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸಿದ್ದಳು. ಸಿಸ್ಟರ್ ಬಗ್ಗೆ ನಾನು ಕೇಳಿದ ಮೊದಲ ಸುದ್ದಿ ಅದು.

ಚಾಪೆಲ್ಲಿನ ಪಕ್ಕ ಅವರಿಗೊಂದು ಕೋಣೆ ಇತ್ತು. ಮೊದಲು ಅದರಲ್ಲಿ ಮುರಿದ ಬೆಂಚುಗಳನ್ನು ಇಡುತ್ತಿದ್ದರಂತೆ. ಅಲ್ಲಿ ಮೇಜು ಇರಲಿಲ್ಲ, ಚಾಪೆ ಇತ್ತು. ಮಗು ಬಂದು ಕುಳಿತರೆ "ಏನಾಯಿತು" ಎಂದು ಅವರು ಕೇಳುತ್ತಿರಲಿಲ್ಲ. ಕೈಗೆ ಒಂದು ಕೆಲಸ ಕೊಡುತ್ತಿದ್ದರು. ಚಾಪೆಲ್ಲಿನ ಬಟ್ಟೆ ಮಡಿಸುವುದು, ಬಳಪದ ಡಬ್ಬಿ ಒರೆಸುವುದು. ಅವರೇಕಾಯಿಯ ಕಾಲದಲ್ಲಿ ಕಾನ್ವೆಂಟಿನ ಅಡುಗೆಮನೆಯಿಂದ ಮೊರ ತುಂಬಾ ಕಾಯಿ ತರಿಸಿ ಮಧ್ಯದಲ್ಲಿಟ್ಟು ತಾವೂ ಬಿಡಿಸಲು ಕೂರುತ್ತಿದ್ದರು. "ಕಾಯಿ ನೋಡ್ತಾ ಇದ್ದರೆ ನನ್ನ ಮುಖ ನೋಡಬೇಕಾಗಿಲ್ಲ ಅಲ್ವಾ. ಮಕ್ಕಳಿಗೆ ಅದು ಸುಲಭ" ಎಂದು ನನಗೊಮ್ಮೆ ಹೇಳಿದ್ದರು. ಚಳಿಗಾಲದಲ್ಲಿ ಆ ಕೋಣೆಯಿಂದ ಹೊರಬರುವ ಮಕ್ಕಳ ಕೈಯೆಲ್ಲ ಸೊಗಡಿನ ವಾಸನೆ. ಯಾವ ಮಗು ಸಿಸ್ಟರ್ ಹತ್ತಿರ ಅತ್ತುಬಂದಿದೆ ಎಂದು ಮೂಗಿನಿಂದಲೇ ಹೇಳಬಹುದು ಎಂದು ಮಿಸ್ಸುಗಳು ನಗುತ್ತಿದ್ದರು.

ನನ್ನ ಮಗಳು ಎಂಟನೇ ತರಗತಿಗೆ ಬರುವ ಹೊತ್ತಿಗೆ ನನ್ನ ಯಜಮಾನರು ಮನೆ ಬಿಟ್ಟು ಹೋಗಿ ಒಂದು ವರ್ಷದ ಮೇಲಾಗಿತ್ತು. ಅವರು ಗೂಡ್ಸ್ ಟೆಂಪೋ ಓಡಿಸುತ್ತಿದ್ದರು. ದಾವಣಗೆರೆಗೆ ಲೋಡಿದೆ ಎಂದು ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿಕೊಂಡು ಹೋದವರು ಬರಲಿಲ್ಲ. ಜಗಳವಾಗಿರಲಿಲ್ಲ. ಹೋದ ಕೆಲವು ದಿನಕ್ಕೆ ಬೇರೆ ಯಾವುದೋ ನಂಬರಿನಿಂದ ಫೋನು ಮಾಡಿ, "ಚೆನ್ನಾಗಿದೀನಿ, ಹುಡುಕಬೇಡ" ಎಂದರು. ಆಮೇಲೆ ಆ ನಂಬರೂ ಇಲ್ಲ. ಬಂಧುಗಳಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದೆ. ಅಕ್ಕಪಕ್ಕದವರಿಗೂ ಅದನ್ನೇ ಹೇಳಿದೆ. ಕೊನೆಗೆ ಮನೆಯೊಳಗೂ ಅದನ್ನೇ ಹೇಳಿಕೊಂಡು ಇರತೊಡಗಿದೆವು. ಮಗಳು ಒಮ್ಮೆಯೂ ಅಪ್ಪನ ಸುದ್ದಿ ಎತ್ತಲಿಲ್ಲ. ಅವಳು ಗಟ್ಟಿಯಾಗಿದ್ದಾಳೆ ಎಂದುಕೊಂಡೆ.

ಶಾಲೆಯಲ್ಲಿ ನವೆಂಬರ್ ತಿಂಗಳಿಗೆ ಒಂದು ಪದ್ಧತಿ ಇತ್ತು. ಕ್ರೈಸ್ತರಿಗೆ ಅದು ಸತ್ತವರನ್ನು ನೆನೆಯುವ ತಿಂಗಳು. ಚಾಪೆಲ್ಲಿನ ಜಗಲಿಯಲ್ಲಿ ಬಿಳಿಬಟ್ಟೆ ಹಾಸಿದ ಒಂದು ಮೇಜು ಇಡುತ್ತಿದ್ದರು. ಯಾವ ಜಾತಿಯ ಮಗುವೇ ಆಗಲಿ, ತನ್ನ ಮನೆಯಲ್ಲಿ ತೀರಿಕೊಂಡವರಿಗಾಗಿ ಅಲ್ಲೊಂದು ಮೇಣದಬತ್ತಿ ಹಚ್ಚಬಹುದು. ಸಿಸ್ಟರ್ ಪಕ್ಕದಲ್ಲಿ ನಿಂತು "ಯಾರಿಗೆ?" ಎಂದು ಕೇಳುತ್ತಿದ್ದರು. ಮಗು ಹೇಳಿದ ಹೆಸರನ್ನು ಮರುದಿನ ಪ್ರಾರ್ಥನೆಯಲ್ಲಿ ಅವರು ಓದಿದಾಗ ಎಲ್ಲರೂ ಒಂದು ಕ್ಷಣ ತಲೆ ಬಾಗಿಸಿ ನಿಲ್ಲುತ್ತಿದ್ದರು. ಅಜ್ಜಿ, ತಾತ, ಯಾರದೋ ಚಿಕ್ಕಪ್ಪ, ಒಮ್ಮೆ ಒಬ್ಬ ಪುಟ್ಟ ಹುಡುಗನ ನಾಯಿ. ಇತ್ತೀಚೆಗೆ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗು ಅಂತ ತಿಳಿದರೆ ಸಿಸ್ಟರ್ ಆ ವಾರದೊಳಗೆ ತರಗತಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಾಳೆಹಣ್ಣಿನ ಚಿಪ್ಪು ಹಿಡಿದು ಆ ಮನೆಗೆ ಹೋಗುತ್ತಿದ್ದರು.

ಹಾಗೆ ಒಂದು ಸಂಜೆ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು.

ನಾನು ನೆಲದ ಮೇಲೆ ಕುಳಿತು ಒಂದು ರೇಷ್ಮೆ ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ಮಗಳು ಒಳಗೆ ಅಡುಗೆಮನೆಯಲ್ಲಿದ್ದಳು. ಬಾಗಿಲಲ್ಲಿ ಬಿಳಿ ಸೀರೆ ಕಂಡು ಎದ್ದೆ. ಸಿಸ್ಟರ್ ಹಿಂದೆ ಯೂನಿಫಾರ್ಮಿನ ಇಬ್ಬರು ಹುಡುಗಿಯರು. ಸಿಸ್ಟರ್ ನನ್ನ ಎರಡೂ ಕೈ ಹಿಡಿದುಕೊಂಡರು. ಅಲ್ಲಿಯವರೆಗೆ ನಾವು ಮುಖಾಮುಖಿ ಮಾತನಾಡಿದವರೂ ಅಲ್ಲ.

"ಅಮ್ಮಾ, ನಮಗೆ ತಿಳಿದದ್ದು ಈಗ. ಮೊದಲೇ ಬರಬೇಕಿತ್ತು" ಎಂದರು. ಆಮೇಲೆ ನನ್ನ ಯಜಮಾನರ ಹೆಸರು ಹಿಡಿದು, "ಅವರ ಆತ್ಮಕ್ಕೆ ದೇವರು ಶಾಂತಿ ಕೊಡಲಿ" ಎಂದರು.

ಮದುವೆಯಾದ ಮೇಲೆ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರು ಅದು. ಇನ್ನೊಬ್ಬರ ಬಾಯಲ್ಲಿ, ಆತ್ಮ ಎನ್ನುವ ಮಾತಿನ ಜೊತೆ ಕೇಳಿದೆ. ನಾನು ನಂಬಿಬಿಟ್ಟೆ. ಎಲ್ಲೋ ರಸ್ತೆಯಲ್ಲಿ ಏನೋ ಆಗಿದೆ, ಜೇಬಿನಲ್ಲಿ ಮಗಳ ಶಾಲೆಯ ಹೆಸರು ಸಿಕ್ಕಿದೆ, ಪೊಲೀಸರು ಶಾಲೆಗೆ ತಿಳಿಸಿದ್ದಾರೆ. ಮನಸ್ಸು ಅಷ್ಟನ್ನೂ ತಾನೇ ಕಟ್ಟಿಕೊಂಡಿತು. ಸೀರೆಯ ಮೇಲೆಯೇ ಕುಸಿದು ಕುಳಿತೆ.

"ಎಲ್ಲಿ?" ಎಂದೆ. "ಯಾವಾಗ? ಯಾರು ನೋಡಿದ್ರು ಸಿಸ್ಟರ್?"

ಸಿಸ್ಟರ್ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. "ನಿಮಗೆ... ನಿಮಗೆ ಗೊತ್ತಿಲ್ವಾ?"

ಬಂದಿದ್ದ ಹುಡುಗಿಯರಲ್ಲಿ ಗುಂಡಗೆ ಇದ್ದವಳು ಇನ್ನೊಬ್ಬಳ ಕಿವಿಯಲ್ಲಿ, "ಲೇ, ಆಂಟಿ ಕುಂಕುಮ ಇಟ್ಕೊಂಡಿದಾರೆ ಕಣೇ. ತಾಳಿನೂ ಇದೆ" ಎಂದಳು. ಪಿಸುಮಾತೇ, ಆದರೆ ಚಿಕ್ಕ ಮನೆ, ಎಲ್ಲರಿಗೂ ಕೇಳಿತು.

ನನಗೆ ಅಳು ಬಂತು. ಅವರು ಹೋದಾಗ ಬಾರದಿದ್ದ ಅಳು, ಅಷ್ಟು ದಿನ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಹೇಳುತ್ತ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತೆ. ಸಿಸ್ಟರ್ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಮಗಳು ನೀರಿನ ಲೋಟ ಹಿಡಿದು ನಿಂತಿದ್ದಳು.

"ಅಮ್ಮ, ಅಳ್ಬೇಡ" ಎಂದಳು. "ಅಪ್ಪ ಸತ್ತಿಲ್ಲ. ನಾನೇ ಹೇಳಿದ್ದು."

ಆಗ ಸಿಸ್ಟರ್ ಮಾಡಿದ ಮೊದಲ ಕೆಲಸವೆಂದರೆ ಆ ಇಬ್ಬರು ಹುಡುಗಿಯರನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದ್ದು. "ತಂದ ಬಾಳೆಹಣ್ಣು ನೀವೇ ತಿನ್ನಿ. ಬಾಯಿಗೆ ಕೆಲಸ ಇರಲಿ" ಎಂದು ಚಿಪ್ಪನ್ನು ಅವರ ಮಡಿಲಿಗೆ ಹಾಕಿ ಬಾಗಿಲು ಮುಚ್ಚಿದರು.

ನಾನು ಎದ್ದೆ. ಕಣ್ಣೀರು ಇನ್ನೂ ಸುರಿಯುತ್ತಿತ್ತು, ಅದರೊಳಗೇ ಸಿಟ್ಟು ಬಂತು. ಬದುಕಿರುವ ಅಪ್ಪನನ್ನು, ನನ್ನ ಕೊರಳಲ್ಲಿ ತಾಳಿ ಇರುವಾಗ! ಕೈ ಎತ್ತಿದ್ದೆ. ಸಿಸ್ಟರ್ ನನ್ನ ಮಣಿಕಟ್ಟು ಹಿಡಿದರು. ವಯಸ್ಸಾದವರ ಕೈ, ಆದರೆ ಬಿಗಿಯಾಗಿತ್ತು.

"ನನಗೆ ಹೊಡಿ" ಎಂದರು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು. "ಅವಳು ಒಂದು ಮಾತು ಹೇಳಿದಳು. ಮೈಕ್ ಹಿಡಿದು ಊರಿಗೆಲ್ಲ ಹೇಳಿದ್ದು ನಾನು. ಮನೆಗೆ ಒಂದು ಫೋನು ಮಾಡಿ ಕೇಳಿದೆನಾ? ಕೇಳಲಿಲ್ಲ. ನನಗೆ ಹೊಡಿ."

ಮಗಳು ನಿಂತಲ್ಲೇ ನಿಂತು ಹೇಳಿದಳು. ಎಲ್ಲರೂ ಕ್ಯಾಂಡಲ್ ಹಚ್ಚುತ್ತಿದ್ದರು. ಅವಳಿಗೂ ಹಚ್ಚಬೇಕು ಅನ್ನಿಸಿತು. ಯಾರಿಗೆ ಎಂದು ಸಿಸ್ಟರ್ ಕೇಳಿದರು. ಅಪ್ಪನಿಗೆ ಎಂದು ಹೆಸರು ಹೇಳಿದಳು. "ಅಷ್ಟೇ ಅಮ್ಮ ನಾನು ಹೇಳಿದ್ದು. ಸತ್ತೋದ್ರು ಅಂತ ಹೇಳೇ ಇಲ್ಲ. ಸಿಸ್ಟರ್ ನನ್ ತಲೆ ಸವರಿದ್ರು. ಆಮೇಲೆ ಇಲ್ಲ ಅನ್ನೋಕೆ ಆಗ್ಲಿಲ್ಲ." ಮರುದಿನ ಪ್ರಾರ್ಥನೆಯಲ್ಲಿ ಅಪ್ಪನ ಹೆಸರು ಓದಿದರಂತೆ. ಇಡೀ ಶಾಲೆ ತಲೆ ಬಾಗಿಸಿ ನಿಂತಿತಂತೆ. ಮಾತೇ ಆಡಿಸದ ಹುಡುಗಿಯರು ಊಟದ ಡಬ್ಬಿ ಹಂಚಿಕೊಂಡರಂತೆ. "ಎಲ್ಲಾರೂ ಎಷ್ಟು ಚೆನ್ನಾಗಿ ಮಾತಾಡ್ಸಿದ್ರು ಗೊತ್ತಾ" ಎಂದು ಹೇಳಿ ಲೋಟವನ್ನು ಕೆಳಗಿಟ್ಟಳು.

ಸಿಸ್ಟರ್ ಆ ಲೋಟ ಎತ್ತಿ ಅವಳಿಗೇ ನೀರು ಕುಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅಳಲಿಕ್ಕೆ ಒಂದು ಜಾಗ ಹುಡುಕ್ತಾ ಇತ್ತು ಮಗು. ನಾವು ಸತ್ತವರಿಗೆ ಮಾತ್ರ ಮೇಜು ಇಟ್ಟಿದ್ದೇವೆ. ಬಿಟ್ಟು ಹೋದವರಿಗೆ ಇಟ್ಟಿಲ್ಲ. ಇದ್ದದ್ದರಲ್ಲಿ ಹಚ್ಚಿದಳು ಅವಳು."

ಬಿಟ್ಟು ಹೋದವರು ಎನ್ನುವ ಮಾತನ್ನು ನಮ್ಮ ಮನೆಯೊಳಗೆ ಯಾರಾದರೂ ಆಡಿದ್ದು ಅದೇ ಮೊದಲು. ಮನೆ ಬಿದ್ದುಹೋಗಲಿಲ್ಲ. ಮಗಳು ಬಂದು ನನ್ನ ಪಕ್ಕ ಕುಳಿತಳು.

"ಸರಿ" ಎಂದರು ಸಿಸ್ಟರ್. "ಈಗ ಎಂತ ಮಾಡುವ?"

ಮಾಡಬೇಕಾದದ್ದು ಸುಲಭವಿರಲಿಲ್ಲ. ಶಾಲೆ ಬಿಡಿಸಿ ಕುಮಾರಸ್ವಾಮಿ ಲೇಔಟಿನ ಅಕ್ಕನ ಮನೆಯಲ್ಲಿಟ್ಟು ಓದಿಸುತ್ತೇನೆ ಎಂದು ನಾನು ಹೇಳಿದೆ. ಮಗಳು ಬೇಡ ಎಂದೂ ಹೇಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸುಳ್ಳಿ ಎಂಬ ಹೆಸರು ಬಂದರೆ ಹದಿಮೂರರ ಹುಡುಗಿ ಅದನ್ನು ಹೊತ್ತುಕೊಂಡು ಎಷ್ಟು ದಿನ ಅದೇ ಗೇಟಿನೊಳಗೆ ಹೋದಾಳು? ಸಿಸ್ಟರ್, "ಒಂದು ದಿನ ಕೊಡು ನನಗೆ" ಎಂದರು. ನಾಳೆ ಮಗಳನ್ನು ಕಳಿಸಬೇಕು, ನೀನೂ ಬರಬೇಕು ಎಂದರು. ಹೊರಗೆ ಮೆಟ್ಟಿಲಲ್ಲಿ ಬಾಳೆಹಣ್ಣು ಮುಗಿಸಿದ್ದ ಹುಡುಗಿಯರಿಗೆ, "ನಾಳೆ ಬೆಳಿಗ್ಗೆ ಇದನ್ನು ನಾನು ಹೇಳ್ತೇನೆ. ನನಗಿಂತ ಮೊದಲು ಯಾರಾದರೂ ಹೇಳಿದರೆ ಒಂದು ಮೂಟೆ ಅವರೇಕಾಯಿ ಬಿಡಿಸಬೇಕಾಗ್ತದೆ" ಎಂದದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಹೆಡ್ಮಿಸ್ಟ್ರೆಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಒಳಗಿನ ಮಾತು ಕೇಳುತ್ತಿತ್ತು. ಹೆಡ್ಮಿಸ್ಟ್ರೆಸ್ ಕೂಡ ಸಿಸ್ಟರೇ, ಇವರಿಗಿಂತ ವಯಸ್ಸಿನಲ್ಲಿ ಚಿಕ್ಕವರು. "ಸುಮ್ಮನಿದ್ದುಬಿಡಿ ಸಿಸ್ಟರ್, ಮಕ್ಕಳು ಮರೀತಾರೆ. ಪ್ರಾರ್ಥನೇಲಿ ಸುಳ್ಳು ಓದಿದ್ರಿ ಅಂತ ಪೇರೆಂಟ್ಸ್ ಗಲಾಟೆ ಮಾಡಿದ್ರೆ ಯಾರು ಉತ್ತರ ಕೊಡೋದು?" ಎನ್ನುತ್ತಿದ್ದರು. ತರಗತಿಯ ಮಿಸ್ಸೂ ಅಲ್ಲಿದ್ದರು. "ಅಪ್ಪನ್ನೇ ಸಾಯಿಸಿಬಿಟ್ಟಳಲ್ಲ ಮೇಡಂ, ಎಂಥಾ ಹುಡುಗಿ ಅವ್ಳು! ವಾರ್ನಿಂಗಾದ್ರೂ ಕೊಡ್ಬೇಕು."

"ಕೊಡಿ" ಎಂದರು ನಮ್ಮ ಸಿಸ್ಟರ್. "ನನಗೆ ಕೊಡಿ. ಓದಿದವಳು ನಾನು."

ಪ್ರಾರ್ಥನೆಗೆ ಗಂಟೆ ಹೊಡೆಯಿತು. ಅಂಗಳದ ಹಿಂಭಾಗದಲ್ಲಿ ಕುಡಿಯುವ ನೀರಿನ ನಲ್ಲಿಗಳ ಪಕ್ಕ ನಿಂತೆ. ಸಾಲುಸಾಲು ಮಕ್ಕಳ ತಲೆ. ನನ್ನ ಮಗಳ ಎರಡು ಜಡೆ ಅಲ್ಲಿಂದ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸಿಸ್ಟರ್ ಮೈಕಿನ ಮುಂದೆ ಬಂದರು.

"ಮಕ್ಕಳೇ, ಮೊನ್ನೆ ನಾನೊಂದು ತಪ್ಪು ಮಾಡಿದೆ. ಎಂಟನೇ ತರಗತಿಯ ಒಬ್ಬ ಹುಡುಗಿ ತನ್ನ ಅಪ್ಪನಿಗಾಗಿ ಮೇಣದಬತ್ತಿ ಹಚ್ಚಿದಳು. ನಾನು ಸರಿಯಾಗಿ ಕೇಳದೆ ಅವರು ತೀರಿಕೊಂಡಿದ್ದಾರೆ ಎಂದು ನಿಮಗೆಲ್ಲ ಹೇಳಿದೆ. ಅವರು ಬದುಕಿದ್ದಾರೆ. ಮನೆಯಿಂದ ದೂರ ಇದ್ದಾರೆ, ಅಷ್ಟೇ. ತಪ್ಪು ಹುಡುಗಿಯದಲ್ಲ, ನನ್ನದು. ಅವಳ ಹತ್ತಿರವೂ ಅವಳ ಅಮ್ಮನ ಹತ್ತಿರವೂ ನಾನು ಕ್ಷಮೆ ಕೇಳಿದ್ದೇನೆ. ನಿಮ್ಮ ಹತ್ತಿರವೂ ಕೇಳ್ತೇನೆ."

ನಗುತ್ತಾರೆ ಎಂದುಕೊಂಡು ನಾನು ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಚಿಕ್ಕ ತರಗತಿಯ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಬದುಕಿದ್ದಾರೆ ಎನ್ನುವುದು ಅವರಿಗೆ ಒಳ್ಳೆಯ ಸುದ್ದಿ, ಅದಕ್ಕೆ ಚಪ್ಪಾಳೆ. ಹಿಂದೆಯೇ ಎಲ್ಲರೂ ತಟ್ಟಿದರು. ಹತ್ತನೇ ತರಗತಿಯ ಸಾಲಿನಿಂದ ಒಬ್ಬ, "ಸೂಪರ್!" ಎಂದು ಕೂಗಿದ. ಇಡೀ ಶಾಲೆ ನನ್ನ ಯಜಮಾನರು ಬದುಕಿರುವುದಕ್ಕೆ ಚಪ್ಪಾಳೆ ತಟ್ಟಿತು. ನಾನು ಒಮ್ಮೆಯೂ ಅದಕ್ಕಾಗಿ ಸಂತೋಷಪಟ್ಟಿರಲಿಲ್ಲ. ಆ ಎರಡು ಜಡೆ ಅಲ್ಲಾಡುತ್ತಿದ್ದವು. ಮಗಳು ಅಳುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಗುಂಡಗಿನ ಹುಡುಗಿ ಅವಳ ಭುಜದ ಮೇಲೆ ಕೈ ಹಾಕಿದ್ದಳು.

ಸಿಸ್ಟರ್ ಇನ್ನೂ ಮುಗಿಸಿರಲಿಲ್ಲ. ಇನ್ನು ಮೇಲೆ ಮೇಜಿನ ಮೇಲೆ ಎರಡು ಸಾಲು ಎಂದರು. ಹಿಂದಿನದು ತೀರಿಕೊಂಡವರಿಗೆ. ಮುಂದಿನದು ಎರಡನೇ ಸಾಲು, ಬದುಕಿದ್ದು ನಮ್ಮ ಜೊತೆ ಇಲ್ಲದವರಿಗೆ. "ಎರಡನೇ ಸಾಲಿನಲ್ಲಿ ಹಚ್ಚುವವರನ್ನು ಯಾರಿಗೆ ಅಂತ ನಾನು ಕೇಳುವುದಿಲ್ಲ. ಹೆಸರೂ ಓದುವುದಿಲ್ಲ. ನಾನು ಓದಿದರೆ ಏನಾಗ್ತದೆ ಅಂತ ನೋಡಿದಿರಲ್ಲ" ಎಂದಾಗ ಮಕ್ಕಳು ನಕ್ಕರು.

ಆ ತಿಂಗಳು ಮುಗಿಯುವ ಹೊತ್ತಿಗೆ ಎರಡನೇ ಸಾಲು ಮೊದಲ ಸಾಲಿಗಿಂತ ಉದ್ದವಾಗಿತ್ತು. ಯಾರೂ ಕೇಳದಿದ್ದರೂ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ಕುವೈತಿನಲ್ಲಿ ಅಮ್ಮ ಇರುವವನು, ಅಣ್ಣ ಜೈಲಿನಲ್ಲಿ ಇರುವವಳು, ಅಪ್ಪ ಇನ್ನೊಂದು ಮನೆ ಮಾಡಿಕೊಂಡವಳು. ಅಷ್ಟು ಮಕ್ಕಳು ಅಷ್ಟು ದಿನ ಏನನ್ನು ಎಲ್ಲಿಟ್ಟುಕೊಂಡಿದ್ದರೋ. ಮೇಣ ಸುರಿದು ಬಟ್ಟೆ ಹಾಳಾಯಿತೆಂದು ಹೆಡ್ಮಿಸ್ಟ್ರೆಸ್ ಗೊಣಗಿದರು. ಅಗಲವಾದ ಹೊಸ ಬಟ್ಟೆಯನ್ನು ನಾನು ಹೊಲಿದುಕೊಟ್ಟೆ. ಚಾಪೆಲ್ಲಿನಲ್ಲಿ ಪೂಜೆ ನಡೆಸಲು ಬರುತ್ತಿದ್ದ ವಯಸ್ಸಾದ ಫಾದರ್ ಒಬ್ಬರು, ಈ ತಿಂಗಳು ಸತ್ತವರ ಆತ್ಮಗಳಿಗೆ ಮೀಸಲು, ಇದರಲ್ಲಿ ಬದುಕಿದವರನ್ನು ಬೆರೆಸಬಾರದು ಎಂದರಂತೆ. ಸಿಸ್ಟರ್, "ದೇವರಿಗೆ ಗೊಂದಲ ಆಗುವುದಿಲ್ಲ ಫಾದರ್. ನಮಗೆ ಆದರೆ ನೋಡಿಕೊಳ್ಳುವ" ಎಂದರಂತೆ.

ಮಗಳು ಪ್ರತಿ ವಾರ ಅವರ ಕೋಣೆಗೆ ಹೋಗತೊಡಗಿದಳು. ಅಲ್ಲಿ ಏನು ಮಾತನಾಡಿದಳೆಂದು ನಾನು ಕೇಳಲಿಲ್ಲ, ಸಿಸ್ಟರೂ ಹೇಳಲಿಲ್ಲ. ಮನೆಯಲ್ಲಿ ಮಾತ್ರ ಅವಳು ಅಪ್ಪನ ಬಗ್ಗೆ ಮಾತನಾಡಲು ಶುರುಮಾಡಿದಳು. ಅವರು ಟೆಂಪೋದಲ್ಲಿ ಕೂರಿಸಿಕೊಂಡು ಬನಶಂಕರಿ ದೇವಸ್ಥಾನದ ಮುಂದೆ ಕಬ್ಬಿನ ಹಾಲು ಕುಡಿಸಿದ್ದು, ಅವರು ಸೀನುವ ರೀತಿ, ಅವರ ಸಿಟ್ಟು. ಒಮ್ಮೆ ಬೈದಳು ಕೂಡ. ಬೈದು ಮುಗಿಸಿ ಊಟ ಮಾಡಿ ಓದಲು ಕೂತಳು. ಹತ್ತನೇ ತರಗತಿ ಚೆನ್ನಾಗಿ ಪಾಸಾದಳು. ಈಗ ಬಿಕಾಂ ಓದುತ್ತಿದ್ದಾಳೆ.

ಸಿಸ್ಟರ್ ನನ್ನ ಅಂಗಡಿಗೂ ಬರತೊಡಗಿದರು. ಅವರಿಗೆ ತಾಳ್ಮೆ ಕಡಿಮೆ. ನಾನು ಮಾತು ಮುಗಿಸುವ ಮೊದಲೇ ಬಾಯಿ ಹಾಕುವುದು, ಕೊಟ್ಟ ರವಿಕೆ ಮರುದಿನವೇ ಆಗಿದೆಯಾ ಎಂದು ಕೇಳುವುದು. ಕೊಡೆ ಬಿಟ್ಟುಹೋಗಿ ಅದನ್ನು ಬೇರೆ ಮೂರು ಅಂಗಡಿಗಳಲ್ಲಿ ಹುಡುಕುವುದು. ನಮ್ಮಕ್ಕನಿಗೆ ಅವರ ಮೇಲೆ ಅನುಮಾನ. "ಇವತ್ತು ಬಾಳೆಹಣ್ಣು ತಂದವ್ರು ನಾಳೆ ಬೈಬಲ್ಲು ತರ್ತಾರೆ, ನೋಡ್ತಿರು" ಎಂದು ಚುಚ್ಚುತ್ತಿದ್ದಳು. ನಾನದನ್ನು ಸಿಸ್ಟರಿಗೆ ಹೇಳಿಬಿಟ್ಟೆ. ಅವರು ನನ್ನ ಹಣೆಯ ವಿಭೂತಿಯನ್ನು ನೋಡಿ ನಕ್ಕರು. "ನಾವು ಹಣೆಗೆ ಬೂದಿ ಹಚ್ಚಿಕೊಳ್ಳುವುದು ವರ್ಷಕ್ಕೊಂದು ಬುಧವಾರ. ನೀನು ದಿನಾ ಹಚ್ಚಿಕೊಳ್ತೀ. ನಾನೇ ನಿಮ್ಮ ಮಠಕ್ಕೆ ಸೇರುವುದು ವಾಸಿ ಅಂತ ನಿನ್ನ ಅಕ್ಕನಿಗೆ ಹೇಳು." ಅಕ್ಕನಿಗೆ ಹೇಳಿದೆ. ಅವಳಿಗೆ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. "ಮಾತಲ್ಲಿ ಜೋರಿದಾರೆ" ಎಂದಳು.

ಅವರ ಸಾವಿನ ದಿನ ಶಾಲೆಯ ಸಭಾಂಗಣದಲ್ಲಿ ಪೆಟ್ಟಿಗೆ ಇಟ್ಟಿದ್ದರು. ಹಳೆಯ ವಿದ್ಯಾರ್ಥಿಗಳೆಲ್ಲ ಬಂದಿದ್ದರು. ಮೀಸೆ ಬಂದ ಹುಡುಗರು, ಕಂಕುಳಲ್ಲಿ ಮಗು ಇದ್ದ ಹುಡುಗಿಯರು. ತರಗತಿಯ ಮಿಸ್, ಅಂದು ವಾರ್ನಿಂಗ್ ಕೊಡಬೇಕು ಎಂದವರು, ಒಂದು ಮೂಲೆಯಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದರು. ಅಕ್ಕನೂ ಬಂದಿದ್ದಳು, ನಾನು ಕರೆಯದೆಯೇ. ಸ್ಮಶಾನಕ್ಕೆ ಹೋದೆವು. ನಮ್ಮಲ್ಲೂ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ನಾವು ಕೂರಿಸುತ್ತೇವೆ, ಅವರು ಮಲಗಿಸುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಮಣ್ಣು ಹಾಕಿ ಎಂದಾಗ ನನಗೆ ಹೊಸದೆನಿಸಲಿಲ್ಲ. ಮಗಳೂ ನಾನೂ ಒಟ್ಟಿಗೆ ಹಿಡಿ ಹಿಡಿ ಹಾಕಿದೆವು. ಅವಳು ಮೆಲ್ಲಗೆ ಏನೋ ಹೇಳಿಕೊಂಡಳು. ನಾನು ಕೇಳಿಸಿಕೊಳ್ಳಲಿಲ್ಲ.

ಅವರು ಹೋಗಿ ಈಗ ಒಂದು ಮಳೆಗಾಲ ಕಳೆದಿದೆ. ಶಾಲೆಗೆ ಹೊಸ ಸಿಸ್ಟರ್ ಬಂದಿದ್ದಾರೆ. ಚಿಕ್ಕವರು, ಒಳ್ಳೆಯವರು, ಚೆನ್ನಾಗಿ ಹಾಡುತ್ತಾರಂತೆ. ಮಕ್ಕಳಿಗೆ ಏನೂ ಕೊರತೆಯಾಗಿಲ್ಲ. ಕೊರತೆ ಇರುವುದು ನನ್ನಲ್ಲಿ, ಅದನ್ನು ಹೇಳುವುದು ಸ್ವಲ್ಪ ಕಷ್ಟ.

ಸಿಸ್ಟರ್ ಅಂಗಡಿಗೆ ಬಂದಾಗಲೆಲ್ಲ ಹೊರಡುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತರಕಾರಿ ರೇಟು ಕೇಳುವ ಧ್ವನಿಯಲ್ಲಿಯೇ, "ಅವರ ಸುದ್ದಿ ಏನಾದರೂ ಬಂತಾ?" ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಹೆಚ್ಚಿನ ದಿನ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು. ಕೆಲವು ದಿನ ನಾನು ಮಿಷನ್ ನಿಲ್ಲಿಸಿ ಇನ್ನೂ ಸ್ವಲ್ಪ ಹೇಳುತ್ತಿದ್ದೆ. ಯಜಮಾನರ ಶರಟುಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದು. ಬಂದರೆ ಒಳಗೆ ಬಿಟ್ಟುಕೊಳ್ಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ ಎಂದು. ಅದಕ್ಕೆ ಸಿಸ್ಟರ್ ಬುದ್ಧಿ ಹೇಳುತ್ತಿರಲಿಲ್ಲ. "ಹ್ಞೂಂ" ಎಂದು ತಲೆಯಾಡಿಸಿ ಹೋಗುತ್ತಿದ್ದರು.

ಬೇರೆ ಯಾರೂ ಅದನ್ನು ಕೇಳುವುದಿಲ್ಲ. ಅಕ್ಕನಿಗೆ ಆ ಹೆಸರು ಎತ್ತಿದರೆ ಸಿಟ್ಟು. ಅಕ್ಕಪಕ್ಕದವರು ನನಗೆ ಮುಜುಗರವಾಗುತ್ತದೆಂದು ಸುಮ್ಮನಿರುತ್ತಾರೆ. ಮಗಳು ತನ್ನ ಅಪ್ಪನನ್ನು ತನ್ನ ರೀತಿಯಲ್ಲಿ ಮುಗಿಸಿಕೊಂಡಿದ್ದಾಳೆ, ಅದನ್ನು ಮತ್ತೆ ಕೆದಕಲು ನನಗೆ ಇಷ್ಟವಿಲ್ಲ.

ಹೋದ ವಾರ ಒಬ್ಬ ಲಾರಿ ಡ್ರೈವರ್, ಯಜಮಾನರ ಜೊತೆ ಹಿಂದೆ ಓಡಾಡುತ್ತಿದ್ದವನು, ಹೆಂಡತಿಯ ರವಿಕೆ ತೆಗೆದುಕೊಂಡು ಹೋಗಲು ಬಂದಿದ್ದ. ತುಮಕೂರಿನ ಹತ್ತಿರ ಒಂದು ಹೋಟೆಲಿನ ಮುಂದೆ ಅವರನ್ನು ಕಂಡನಂತೆ. ಕೂದಲು ಪೂರ್ತಿ ಬೆಳ್ಳಗಾಗಿದೆಯಂತೆ. ಇವನನ್ನು ನೋಡಿ ಮೊದಲು ಮುಖ ತಿರುಗಿಸಿಕೊಂಡರಂತೆ, ಆಮೇಲೆ ತಾವೇ ಬಂದು, "ಮಗಳು ಏನು ಓದ್ತಿದಾಳೆ?" ಎಂದು ಕೇಳಿದರಂತೆ.

ಈ ಸುದ್ದಿ ಬಂದು ಇಷ್ಟು ದಿನವಾಯಿತು. ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಲು ನನಗೆ ಯಾರೂ ಇಲ್ಲ.